ಎಂಟು ತಿಂಗಳಲ್ಲಿ ಕಡಿದ ದಾರಿ: ಅಲಾಸ್ಕಾ ಹೆದ್ದಾರಿ ಹುಟ್ಟಿದ್ದು ಹೇಗೆ?

ಅಲಾಸ್ಕಾ ಹೆದ್ದಾರಿಯ ವಿಷಯ ಬಂದಾಗ ಎಲ್ಲರೂ ಮೊದಲು ಹೇಳುವುದು ಒಂದೇ ಮಾತು, ಅದು ಎಂಟು ತಿಂಗಳಲ್ಲಿ ಕಟ್ಟಿದ ರಸ್ತೆ ಅಂತ. 1942ರ ಮಾರ್ಚ್‌ನಲ್ಲಿ ಕೆಲಸ ಶುರುವಾಯಿತು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಕೆನಡಾದ ಡಾಸನ್ ಕ್ರೀಕ್‌ನಿಂದ ಅಲಾಸ್ಕಾದ ಡೆಲ್ಟಾ ಜಂಕ್ಷನ್‌ವರೆಗೆ ಸುಮಾರು 2,300 ಕಿ.ಮೀ. ದಾರಿ ಕೂಡಿಕೊಂಡಿತು. ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋದರೆ ಹೆಚ್ಚುಕಡಿಮೆ ಇಷ್ಟೇ ದೂರ. ಆದರೆ ಇಲ್ಲಿ ನಡುವೆ ಸಿಗುವುದು ನೂರಾರು ಕಿಲೋಮೀಟರ್ ಕಾಡು, ಜೌಗು, ಬೆಟ್ಟ ಮತ್ತು ಹಿಮ ಕರಗಿ ಹರಿಯುವ ನದಿಗಳು. ಲೆಕ್ಕ ಹಾಕಿದರೆ ದಿನಕ್ಕೆ ಸರಾಸರಿ ಹತ್ತಿರ ಹತ್ತಿರ 10 ಕಿ.ಮೀ. ಕೆಲಸ.

ಈ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಆ ಎಂಟು ತಿಂಗಳಲ್ಲಿ ಆದದ್ದು ಕಾಡಿನ ನಡುವೆ ಒಂದು ಸೀಳು. ನೆಲ ಗಟ್ಟಿಯಾಗಿದ್ದಾಗ ಸೈನ್ಯದ ಲಾರಿ ಹೇಗೋ ದಾಟಬಹುದಾದ ಜಾಡು, ಅಷ್ಟೆ. ಅದು ರಸ್ತೆ ಎನಿಸಿಕೊಳ್ಳಲು ಇನ್ನೂ ಒಂದು ವರ್ಷ ಬೇಕಾಯಿತು. ಡಾಂಬರು ಪೂರ್ತಿ ಬರಲು ಐವತ್ತು ವರ್ಷ ಹಿಡಿಯಿತು. ಕೆಲವು ಕಡೆ ಆ ನೆಲ ಇವತ್ತಿಗೂ ರಸ್ತೆಗೆ ಒಗ್ಗಿಕೊಂಡಿಲ್ಲ. ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಮೂರು ಸಂಗತಿ ನೋಡಬೇಕು: ಅಷ್ಟು ಅವಸರ ಯಾಕಿತ್ತು, ಕೆಲಸ ಮಾಡಿದವರು ಯಾರು, ಕಾಲಡಿಯ ನೆಲ ಎಂಥದ್ದು. ನನಗೆ ಮೂರನೆಯದೇ ಈ ಕಥೆಯ ಜೀವಾಳ ಅನಿಸುತ್ತದೆ.

ರಸ್ತೆ ಯಾಕೆ ಬೇಕಿತ್ತು?

ಅಲಾಸ್ಕಾವನ್ನು ಅಮೆರಿಕ ರಷ್ಯಾದಿಂದ ಕೊಂಡಿದ್ದು 1867ರಲ್ಲಿ. ಎಪ್ಪತ್ತೈದು ವರ್ಷ ಕಳೆದರೂ ಅಲ್ಲಿಗೆ ನೆಲದ ದಾರಿ ಇರಲಿಲ್ಲ. ನಡುವೆ ಕೆನಡಾ ಇತ್ತು. ಹೋಗಬೇಕಾದರೆ ಸಿಯಾಟಲ್‌ನಿಂದ ಹಡಗು ಹತ್ತಬೇಕು. ರಸ್ತೆ ಮಾಡೋಣ ಎಂದು 1920ರ ದಶಕದಿಂದಲೂ ಕೆಲವರು ಹೇಳುತ್ತಲೇ ಇದ್ದರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಡಫ್ ಪಟುಲ್ಲೊ 1930ರ ದಶಕದಲ್ಲಿ ಇದಕ್ಕಾಗಿ ತುಂಬಾ ಓಡಾಡಿದರು. ಆದರೆ ಕೆನಡಾದ ಕೇಂದ್ರ ಸರ್ಕಾರಕ್ಕೆ ಮನಸ್ಸಿರಲಿಲ್ಲ. ಖರ್ಚು ಜಾಸ್ತಿ, ಜನ ಕಡಿಮೆ. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದಿತ್ತು. ಅಮೆರಿಕದ ದುಡ್ಡಿನಲ್ಲಿ ರಸ್ತೆ ಬಂದರೆ, ನಾಳೆ ಅಮೆರಿಕ ಮತ್ತು ಜಪಾನ್ ನಡುವೆ ಯುದ್ಧವಾದಾಗ ಕೆನಡಾ ದೂರ ನಿಲ್ಲಲು ಆಗುತ್ತದೆಯೇ?

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ವರ್ಷಗಟ್ಟಲೆ ಎಳೆದಾಡಿದ್ದ ವಿಷಯ ವಾರಗಳಲ್ಲಿ ಇತ್ಯರ್ಥವಾಯಿತು. 1942ರ ಫೆಬ್ರವರಿ 11ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಪ್ಪಿಗೆ ಕೊಟ್ಟರು. ಮಾರ್ಚ್‌ನಲ್ಲಿ ಕೆನಡಾದ ಜೊತೆ ಒಪ್ಪಂದವಾಯಿತು. ಕಟ್ಟುವ ಖರ್ಚು ಅಮೆರಿಕದ್ದು, ಜಾಗ ಕೆನಡಾದ್ದು. ಯುದ್ಧ ಮುಗಿದು ಆರು ತಿಂಗಳಿಗೆ ಕೆನಡಾದೊಳಗಿನ ಭಾಗ ಕೆನಡಾಕ್ಕೇ ಸೇರಬೇಕು. ಒಪ್ಪಂದದ ಕಾಗದ ಪಕ್ಕಾ ಆಗುವ ಮೊದಲೇ ಸೈನಿಕರನ್ನು ಹೊತ್ತ ರೈಲು ಡಾಸನ್ ಕ್ರೀಕ್ ತಲುಪಿತ್ತು. ಅವಸರ ಅಷ್ಟಿತ್ತು.

ಯಾವ ದಾರಿಯಲ್ಲಿ ಹೋಗಬೇಕು ಎಂಬುದಕ್ಕೆ ನಾಲ್ಕು ಆಯ್ಕೆಗಳಿದ್ದವು. ಕರಾವಳಿಗೆ ಹತ್ತಿರದ್ದು ಒಂದು, ರಾಕಿ ಬೆಟ್ಟಸಾಲಿನ ಕಣಿವೆಯದ್ದು ಒಂದು, ಹುಲ್ಲುಗಾವಲಿನ ಕಡೆಯಿಂದ ಬರುವುದು ಒಂದು, ಮೆಕೆಂಜಿ ನದಿಯ ಕಡೆಯದ್ದು ಮತ್ತೊಂದು. ಅಲಾಸ್ಕಾದವರಿಗೂ ಬ್ರಿಟಿಷ್ ಕೊಲಂಬಿಯಾದವರಿಗೂ ಬೇಕಿದ್ದದ್ದು ಮೊದಲ ಎರಡು. ಸೈನ್ಯ ಆರಿಸಿದ್ದು ಮೂರನೆಯದನ್ನು. ಊರು, ಗಣಿ, ಬಂದರು ಯಾವುದೂ ಇಲ್ಲದ ಆ ದಾರಿಯನ್ನು ನೋಡಿ ಆಗ ಬಹಳ ಜನ ಸಿಟ್ಟಾದರು.

ಸೈನ್ಯದ ಲೆಕ್ಕ ಬೇರೆ ಇತ್ತು. ಎಡ್ಮಂಟನ್‌ನಿಂದ ವೈಟ್‌ಹಾರ್ಸ್‌ವರೆಗೆ ಕೆನಡಾ ಆಗಲೇ ಸಾಲಾಗಿ ವಿಮಾನ ನಿಲ್ದಾಣಗಳನ್ನು ಕಟ್ಟುತ್ತಿತ್ತು. ಗ್ರ್ಯಾಂಡ್ ಪ್ರೇರಿ, ಫೋರ್ಟ್ ಸೇಂಟ್ ಜಾನ್, ಫೋರ್ಟ್ ನೆಲ್ಸನ್, ವಾಟ್ಸನ್ ಲೇಕ್, ವೈಟ್‌ಹಾರ್ಸ್. ಅಲ್ಲಿಂದ ಮುಂದೆ ಅಲಾಸ್ಕಾದ ನಾರ್ತ್‌ವೇ, ಕೊನೆಗೆ ಫೇರ್‌ಬ್ಯಾಂಕ್ಸ್. ಆಗಿನ ಯುದ್ಧವಿಮಾನಗಳು ಅಷ್ಟು ದೂರ ಒಂದೇ ಸಲ ಹಾರುವಂತಿರಲಿಲ್ಲ, ಇಳಿದು ಇಂಧನ ತುಂಬಿಸಿಕೊಳ್ಳಬೇಕಿತ್ತು. 1942ರ ಜನವರಿಯಲ್ಲಿ ಉತ್ತರಕ್ಕೆ ಹೊರಟ ಮೂರು ಬಿ-26 ಬಾಂಬರ್‌ಗಳು ದಾರಿ ತಪ್ಪಿ ವಾಟ್ಸನ್ ಲೇಕ್ ಕಡೆಯ ಹಿಮದ ಕಣಿವೆಯೊಂದರಲ್ಲಿ ಇಳಿಯಬೇಕಾಯಿತು. ಒಳಗಿದ್ದವರು ಬದುಕಿದ್ದೇ ಅದೃಷ್ಟ. ನಿಲ್ದಾಣಗಳಿಗೆ ಇಂಧನ, ಊಟ, ಬಿಡಿಭಾಗ ಸಾಗಿಸಲು ಕೆಳಗೊಂದು ದಾರಿ ಬೇಕು. ದಾರಿ ತಪ್ಪಿದ ಪೈಲಟ್‌ಗೆ ಮೇಲಿನಿಂದ ನೋಡಿ ಹಿಂಬಾಲಿಸಲು ಒಂದು ಗೆರೆಯೂ ಬೇಕು. ಹೀಗೆ ಹೆದ್ದಾರಿ ಹುಟ್ಟಿದ್ದೇ ವಿಮಾನಗಳ ಚಾಕರಿಗೆ. ನಕ್ಷೆಯಲ್ಲಿ ಅದು ಸುತ್ತಿ ಬಳಸಿ ಹೋಗುವುದು ಯಾಕೆ ಎಂದು ಕೇಳುವವರು ಮೊದಲು ಆ ನಿಲ್ದಾಣಗಳನ್ನು ಗುರುತು ಮಾಡಿಕೊಂಡರೆ ಸಾಕು.

1942ರ ಜೂನ್‌ನಲ್ಲಿ ಜಪಾನಿನ ವಿಮಾನಗಳು ಅಲಾಸ್ಕಾಕ್ಕೆ ಸೇರಿದ ಅಲೂಶನ್ ದ್ವೀಪಗಳ ಡಚ್ ಹಾರ್ಬರ್ ಮೇಲೆ ಬಾಂಬ್ ಹಾಕಿದವು. ಅದೇ ವಾರ ಕಿಸ್ಕಾ ಮತ್ತು ಆಟು ದ್ವೀಪಗಳು ಜಪಾನಿನ ಕೈಸೇರಿದವು. ರಸ್ತೆ ಕಡಿಯುತ್ತಿದ್ದವರ ಅವಸರ ದುಪ್ಪಟ್ಟಾಯಿತು. ಹಾಗೆ ನೋಡಿದರೆ ಅದೇ ವಾರ ಮಿಡ್‌ವೇ ಕಾಳಗದಲ್ಲಿ ಜಪಾನ್ ಸೋತು, ಅಲಾಸ್ಕಾದ ಮೇಲಿನ ದೊಡ್ಡ ಅಪಾಯ ಕರಗತೊಡಗಿತ್ತು. ಅಲಾಸ್ಕಾಕ್ಕೆ ಹೆಚ್ಚಿನ ಸರಕು ಕೊನೆಯವರೆಗೂ ಹಡಗಿನಲ್ಲೇ ಹೋಯಿತು. ಹೆದ್ದಾರಿ ನಿಜವಾಗಿ ಕೆಲಸಕ್ಕೆ ಬಂದದ್ದು ಆ ವಿಮಾನ ನಿಲ್ದಾಣಗಳಿಗೇ. ಯುದ್ಧ ಮುಗಿಯುವವರೆಗೆ ಹತ್ತಿರ ಹತ್ತಿರ 8,000 ವಿಮಾನಗಳು ಈ ಸಾಲಿನ ಮೇಲೆ ಹಾರಿ ಫೇರ್‌ಬ್ಯಾಂಕ್ಸ್ ಸೇರಿದವು. ಅಲ್ಲಿ ಸೋವಿಯತ್ ಪೈಲಟ್‌ಗಳು ಅವನ್ನು ವಶಕ್ಕೆ ತೆಗೆದುಕೊಂಡು ಸೈಬೀರಿಯಾ ದಾಟಿ ಹಿಟ್ಲರನ ಸೈನ್ಯದ ಎದುರು ನಿಲ್ಲಿಸಿದರು. ಜಪಾನಿಗೆ ಹೆದರಿ ಶುರು ಮಾಡಿದ ದಾರಿ ಜರ್ಮನಿಯ ವಿರುದ್ಧದ ಯುದ್ಧಕ್ಕೆ ಜಾಸ್ತಿ ನೆರವಾಯಿತು.

ಕಡಿದದ್ದು ಹೇಗೆ?

ಕೆಲಸದ ಹೊಣೆ ಬ್ರಿಗೇಡಿಯರ್ ಜನರಲ್ ವಿಲಿಯಂ ಹೋಜ್ ಅವರದ್ದು. ಕೈಕೆಳಗೆ ಅಮೆರಿಕದ ಸೈನ್ಯದ ಏಳು ಎಂಜಿನಿಯರ್ ರೆಜಿಮೆಂಟುಗಳು, ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು. ಅವರ ಹಿಂದೆ ಸಾರ್ವಜನಿಕ ರಸ್ತೆ ಇಲಾಖೆ ಕರೆತಂದ ಸಾವಿರಾರು ಗುತ್ತಿಗೆ ಕೆಲಸಗಾರರು.

ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಹೋಗೋಣ ಎಂದಿದ್ದರೆ ವರ್ಷಗಳೇ ಬೇಕಾಗುತ್ತಿತ್ತು. ಹಾಗಾಗಿ ಕೆಲಸವನ್ನು ಹಲವು ಕಡೆಯಿಂದ ಒಟ್ಟಿಗೇ ಹಿಡಿದರು. ರೈಲು ಮುಗಿಯುವ ಡಾಸನ್ ಕ್ರೀಕ್ ಒಂದು ತುದಿ. ಆಗ ಅದು ಕೆಲವು ನೂರು ಜನರ ಪುಟ್ಟ ಊರು. ಸಾವಿರಾರು ಸೈನಿಕರು ಬಂದಿಳಿದಾಗ ಊರಿಗಿಂತ ಡೇರೆಗಳೇ ಹೆಚ್ಚಾದವು. ಇನ್ನು ಕೆಲವು ರೆಜಿಮೆಂಟುಗಳು ಹಡಗಿನಲ್ಲಿ ಸ್ಕ್ಯಾಗ್ವೇ ಬಂದರಿಗೆ ಬಂದು, ಅಲ್ಲಿಂದ ಚಿನ್ನದ ಬೇಟೆಯ ಕಾಲದ ಕಿರುಹಳಿಯ ರೈಲಿನಲ್ಲಿ ಬೆಟ್ಟ ಹತ್ತಿ ಕೆನಡಾದ ಯುಕಾನ್ ಪ್ರದೇಶದೊಳಗೆ ಇಳಿದವು. ಅವುಗಳಲ್ಲಿ ಕೆಲವು ಆಗ್ನೇಯಕ್ಕೆ, ಒಂದು ವಾಯವ್ಯಕ್ಕೆ ಕಡಿಯುತ್ತ ಹೋದವು. 97ನೇ ರೆಜಿಮೆಂಟ್ ಅಲಾಸ್ಕಾದ ವಾಲ್ಡೀಜ್ ಬಂದರಿನಲ್ಲಿ ಇಳಿದು, ಒಳನಾಡಿನಿಂದ ಕೆನಡಾ ಗಡಿಯ ಕಡೆಗೆ ಹೊರಟಿತು.

35ನೇ ರೆಜಿಮೆಂಟಿನದ್ದು ಎಲ್ಲಕ್ಕಿಂತ ಎದೆಗಾರಿಕೆಯ ಪಯಣ. ಅವರು ಡಾಸನ್ ಕ್ರೀಕ್‌ನಿಂದ ಸುಮಾರು 480 ಕಿ.ಮೀ. ದೂರದ ಫೋರ್ಟ್ ನೆಲ್ಸನ್ ಸೇರಿ, ಅಲ್ಲಿಂದ ಪಶ್ಚಿಮಕ್ಕೆ ಕಡಿಯಬೇಕಿತ್ತು. ಅಲ್ಲಿಗೆ ಇದ್ದದ್ದು ಚಳಿಗಾಲದ ಜಾಡು ಮಾತ್ರ. ವಸಂತ ಬಂದು ನೆಲ ಕರಗಿದರೆ ಅದೂ ಮುಚ್ಚಿಹೋಗುತ್ತದೆ. ನಡುವೆ ಪೀಸ್ ನದಿ ಬೇರೆ. ಭಾರದ ಯಂತ್ರಗಳನ್ನು ಮಂಜುಗಡ್ಡೆಯ ಮೇಲೇ ದಾಟಿಸಬೇಕು, ಮಾರ್ಚ್ ಬಿಸಿಲಿಗೆ ಆ ಗಡ್ಡೆ ಕರಗಲು ಶುರುವಾಗಿತ್ತು. ಅವರು ನದಿಯ ಮಂಜಿನ ಮೇಲೆ ಮರದ ಹೊಟ್ಟು ಸುರಿದರು, ಹಲಗೆ ಹಾಸಿದರು, ಅದರ ಮೇಲೆ ಯಂತ್ರಗಳನ್ನು ದಾಟಿಸಿದರು. ಆಮೇಲೆ ಮಂಜು ಒಡೆಯಿತು. ಹಿಂದಿನಿಂದ ರಸ್ತೆ ಬಂದು ತಲುಪುವವರೆಗೆ ಆ ಸೈನಿಕರು ಜೊತೆಗೆ ತಂದದ್ದರಲ್ಲೇ ದಿನ ದೂಡಬೇಕಿತ್ತು. ಹೊಟ್ಟಿನ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಾಡಿನೊಳಗೆ ಕೆಲಸದ ಕ್ರಮ ಹೀಗಿತ್ತು. ಒಳ್ಳೆಯ ನಕ್ಷೆ ಇರಲಿಲ್ಲ. ವಿಮಾನದಿಂದ ತೆಗೆದ ಚಿತ್ರಗಳು ಮತ್ತು ಮೂಲನಿವಾಸಿ ಮಾರ್ಗದರ್ಶಕರ ನೆನಪು, ಇವೆರಡೇ ಆಧಾರ. ಸರ್ವೆಯವರು ಮುಂದೆ ಹೋಗಿ ಮರಗಳಿಗೆ ಗುರುತು ಹಾಕುತ್ತಾರೆ. ಅವರ ಬೆನ್ನಿಗೇ ದೊಡ್ಡ ಬುಲ್ಡೋಜರ್ ಮರ ಉರುಳಿಸುತ್ತ ಬರುತ್ತದೆ. ಇನ್ನೂ ಕೆಲವು ಬುಲ್ಡೋಜರ್‌ಗಳು ಬಿದ್ದ ಮರಗಳನ್ನು ಎರಡೂ ಬದಿಗೆ ತಳ್ಳಿ ಜಾಡು ಅಗಲ ಮಾಡುತ್ತವೆ. ಹಿಂದಿನ ತಂಡ ಮೋರಿ ಕೂರಿಸುತ್ತದೆ, ಹಳ್ಳಗಳಿಗೆ ಮರದ ಸೇತುವೆ ಹಾಕುತ್ತದೆ. ಕೊನೆಯ ತಂಡ ಏರುಪೇರು ಸರಿಮಾಡುತ್ತದೆ. ಬಂಡೆ ಎದುರಾದರೆ ಒಡೆಯುವುದಿಲ್ಲ, ಬಳಸಿ ಹೋಗುತ್ತಾರೆ. ಹಾಗಾಗಿಯೇ ಮೊದಲ ರಸ್ತೆಯಲ್ಲಿ ಅಷ್ಟೊಂದು ತಿರುವುಗಳಿದ್ದವು.

ಮೊದಲ ತಿಂಗಳುಗಳಲ್ಲಿ ಮಳೆ, ಕೆಸರು, ತಡವಾಗಿ ಬಂದ ಯಂತ್ರಗಳಿಂದ ಕೆಲಸ ಕುಂಟಿತು. ಮೇ 14ರಂದು ಫೋರ್ಟ್ ಸೇಂಟ್ ಜಾನ್ ಬಳಿಯ ಚಾರ್ಲಿ ಲೇಕ್‌ನಲ್ಲಿ ಸಾಮಾನು ಹೊತ್ತ ತೆಪ್ಪವೊಂದು ಅಲೆಗೆ ಸಿಕ್ಕಿ ಮುಳುಗಿ 12 ಸೈನಿಕರು ಸತ್ತರು. ದಡದಲ್ಲಿ ವಾಸವಿದ್ದ ಬೇಟೆಗಾರನೊಬ್ಬ ಪುಟ್ಟ ದೋಣಿಯಲ್ಲಿ ಮತ್ತೆ ಮತ್ತೆ ಹೋಗಿ ಐವರನ್ನು ಉಳಿಸಿದ. ಬೇಸಗೆಯಲ್ಲಿ ಸೊಳ್ಳೆ, ನೊಣಗಳ ಕಾಟ. ಊಟ ಎಂದರೆ ಡಬ್ಬದಲ್ಲಿ ಬಂದದ್ದು. ಉತ್ತರದ ಬೇಸಗೆಯಲ್ಲಿ ರಾತ್ರಿಯೂ ಬೆಳಕಿರುತ್ತದೆ. ಅದನ್ನು ನೆಚ್ಚಿ ಕೆಲಸ ಹಗಲೂ ರಾತ್ರಿ ನಡೆಯಿತು.

ಕಾಲಡಿಯ ಮಂಜು

ಈಗ ನೆಲದ ಮಾತಿಗೆ ಬರೋಣ. ಉತ್ತರದ ಆ ಭಾಗದಲ್ಲಿ ಮೇಲ್ಮಣ್ಣಿನ ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲ ಇರುತ್ತದೆ. ಇದನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಸುಮ್ನೆ ತಣ್ಣಗಿರುವ ಮಣ್ಣಲ್ಲ ಅದು. ಕೆಲವು ಕಡೆ ಮಣ್ಣಿಗಿಂತ ಮಂಜೇ ಜಾಸ್ತಿ ಇರುತ್ತದೆ. ಸಾವಿರಾರು ವರ್ಷಗಳ ಹಿಂದೆ ಹೆಪ್ಪಾದ ಗಡ್ಡೆಗಳೂ ಇರುತ್ತವೆ. ಬೇಸಗೆಯಲ್ಲಿ ಮೇಲಿನ ಕೆಲವು ಅಡಿ ಮಾತ್ರ ಕರಗುತ್ತದೆ, ಚಳಿಗಾಲದಲ್ಲಿ ಮತ್ತೆ ಹೆಪ್ಪಾಗುತ್ತದೆ. ಕೆಳಗಿನದು ಅಲುಗುವುದಿಲ್ಲ.

ಅದು ಯಾಕೆ ಕರಗುವುದಿಲ್ಲ? ಮೇಲೆ ಒಂದು ಹೊದಿಕೆ ಇದೆ. ದಪ್ಪಗೆ ಬೆಳೆದ ಪಾಚಿ, ಕೊಳೆತ ಎಲೆ, ಬೇರುಗಳ ಪದರ, ಅದರ ಮೇಲೆ ಮರಗಳ ನೆರಳು. ನಮ್ಮಲ್ಲಿ ಹಿಂದೆ ಐಸ್ ಮಾರುವವರು ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು, ಮೇಲೆ ಗೋಣಿಚೀಲ ಹೊದೆಸಿ ಇಡುತ್ತಿದ್ದರು ಅಲ್ವಾ, ಪಾಚಿಯ ಕೆಲಸ ಅದೇ. ಬಿಸಿಲಿನ ಕಾವು ಕೆಳಗಿಳಿಯದಂತೆ ತಡೆಯುತ್ತದೆ.

ಸೈನ್ಯದವರು ಕಲಿತು ಬಂದದ್ದು ಬಿಸಿ ಊರುಗಳ ರಸ್ತೆ ಕೆಲಸ. ಅಲ್ಲಿ ಮೊದಲ ಪಾಠವೇ ಮೇಲಿನ ಮೆತ್ತನೆಯ ಪದರ ಕೆರೆದು ತೆಗೆಯುವುದು, ಕೆಳಗಿನ ಗಟ್ಟಿ ನೆಲದ ಮೇಲೆ ರಸ್ತೆ ಕೂರಿಸುವುದು. ಇಲ್ಲೂ ಹಾಗೇ ಮಾಡಿದರು. ಬುಲ್ಡೋಜರ್ ಪಾಚಿಯನ್ನು ಸುಲಿದು ಬದಿಗೆ ತಳ್ಳಿತು. ಕೆಳಗೆ ಕಲ್ಲಿನಂಥ ನೆಲ ಸಿಕ್ಕಿತು. ಒಂದೆರಡು ದಿನ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಕಪ್ಪು ಮಣ್ಣು ಬಿಸಿಲು ಕುಡಿಯಿತು, ಒಳಗಿನ ಮಂಜು ಕರಗಿತು, ಗಟ್ಟಿ ನೆಲ ಗಂಜಿಯಾಯಿತು. ಲಾರಿಗಳು ಹೂತವು. ಅವನ್ನು ಎಳೆಯಲು ಬಂದ ಬುಲ್ಡೋಜರ್‌ಗಳೂ ಹೂತವು. ಕೆಸರು ತೆಗೆದಷ್ಟೂ ಹೊಸ ಮಂಜು ಬಿಸಿಲಿಗೆ ಬೀಳುತ್ತಿತ್ತು, ಅದೂ ಕರಗುತ್ತಿತ್ತು. ಅಗೆದಷ್ಟೂ ಗುಂಡಿ ಆಳವಾಯಿತೇ ಹೊರತು ತಳ ಸಿಗಲಿಲ್ಲ.

ಯುಕಾನಿನ ಕ್ಲುವಾನಿ ಸರೋವರದಿಂದ ಅಲಾಸ್ಕಾ ಗಡಿಯವರೆಗಿನ ಭಾಗದಲ್ಲಿ ಇದು ತೀರಾ ಕೆಟ್ಟದಾಗಿತ್ತು. ಅಲ್ಲಿದ್ದ 18ನೇ ರೆಜಿಮೆಂಟಿನ ಓಟವೇ ನಿಂತಂತಾಯಿತು. ಕೊನೆಗೆ ಪಾಠ ಹತ್ತಿತು: ನೆಲವನ್ನು ಮುಟ್ಟಲೇಬಾರದು. ಪಾಚಿಯನ್ನು ಹಾಗೇ ಬಿಡಬೇಕು. ಮರಗಳನ್ನು ಬುಡಸಮೇತ ಕೀಳದೆ ಕೈಯಲ್ಲಿ ಕಡಿಯಬೇಕು. ಕಡಿದ ರೆಂಬೆಗಳನ್ನು, ದಿಮ್ಮಿಗಳನ್ನು ಅಡ್ಡಡ್ಡ ಒತ್ತೊತ್ತಾಗಿ ಹಾಸಬೇಕು, ಮೇಲೆ ಜಲ್ಲಿ ಸುರಿಯಬೇಕು. ಅಗೆಯುವ ಬದಲು ಏರಿಸಬೇಕು. ಹೊಸ ಹೊದಿಕೆಯ ಕೆಳಗೆ ಮಂಜು ಮಂಜಾಗಿಯೇ ಉಳಿಯುತ್ತದೆ. ಪೀಸ್ ನದಿಯ ಮೇಲೆ ಹೊಟ್ಟು ಸುರಿದವರು ಮಾಡಿದ್ದೂ ಇದನ್ನೇ. ಆ ಬುದ್ಧಿ ಬೆಟ್ಟದ ಆಚೆ ತಲುಪಲು ಒಂದು ಬೇಸಗೆ ಹಿಡಿಯಿತು. ಅಷ್ಟರಲ್ಲಿ ಎಷ್ಟು ಯಂತ್ರ, ಎಷ್ಟು ಬೆವರು ಕೆಸರು ಪಾಲಾಯಿತೋ!

ಚಳಿಗಾಲದಲ್ಲಿ ಇದೇ ನೆಲ ಇನ್ನೊಂದು ಆಟ ತೋರಿಸುತ್ತದೆ. ರಸ್ತೆಯ ಮೇಲೆ ಹಿಮ ಉಳಿಯಲು ಬಿಡುವುದಿಲ್ಲವಾದ್ದರಿಂದ ಅದರ ಕೆಳಗಿನ ನೆಲ ಸುತ್ತಲಿನದಕ್ಕಿಂತ ಆಳಕ್ಕೆ ಹೆಪ್ಪಾಗುತ್ತದೆ. ಇಳಿಜಾರಿನಲ್ಲಿ ನೆಲದೊಳಗೆ ಹರಿದು ಬರುವ ನೀರಿಗೆ ಅಲ್ಲಿ ಗೋಡೆ ಅಡ್ಡ ಬಂದಂತಾಗುತ್ತದೆ. ನೀರು ಮೇಲೆ ಉಕ್ಕಿ ರಸ್ತೆಯ ಮೇಲೆ ಹರಡಿ ಮಂಜಾಗುತ್ತದೆ, ಅದರ ಮೇಲೆ ಮತ್ತೆ ನೀರು, ಮತ್ತೆ ಮಂಜು. ಪದರದ ಮೇಲೆ ಪದರ ಏರಿ ಮೋರಿ ಮುಚ್ಚುತ್ತದೆ, ಸೇತುವೆಯನ್ನೇ ಎತ್ತುತ್ತದೆ. 1943ರ ವಸಂತದಲ್ಲಿ ನದಿಗಳ ಮಂಜು ಒಡೆದಾಗ ಸೈನಿಕರು ಕಟ್ಟಿದ್ದ ಮರದ ಸೇತುವೆಗಳು ಒಂದರ ಹಿಂದೆ ಒಂದು ಕೊಚ್ಚಿಹೋದವು. ಆ ವರ್ಷ ಗುತ್ತಿಗೆದಾರರು ರಸ್ತೆಯ ಬಹುಭಾಗವನ್ನು ಹೊಸದಾಗಿಯೇ ಮಾಡಬೇಕಾಯಿತು. ತಿರುವು ಕಡಿಮೆ ಮಾಡಿದರು, ಜಲ್ಲಿ ಹಾಕಿದರು, ದೊಡ್ಡ ನದಿಗಳಿಗೆ ಉಕ್ಕಿನ ಸೇತುವೆ ಕಟ್ಟಿದರು. ಒಟ್ಟು ಖರ್ಚು ಸುಮಾರು 13.8 ಕೋಟಿ ಡಾಲರ್ ಆಯಿತು.

ಉಕ್ಕಿಗೂ ನೆಲ ಕರುಣೆ ತೋರಲಿಲ್ಲ. ಪೀಸ್ ನದಿಯ ಮೇಲೆ 1943ರಲ್ಲಿ ಎದ್ದ ತೂಗುಸೇತುವೆ ಈ ಹೆದ್ದಾರಿಯ ಹೆಮ್ಮೆಯಾಗಿತ್ತು. 1957ರ ಅಕ್ಟೋಬರ್‌ನಲ್ಲಿ ಉತ್ತರ ದಡದಲ್ಲಿ ಅದರ ಹಗ್ಗಗಳನ್ನು ಹಿಡಿದಿದ್ದ ಕಾಂಕ್ರೀಟ್ ದಿಂಡು ಜಾರಿತು, ಸೇತುವೆ ಕುಸಿಯಿತು. ಕೆಳಗಿದ್ದದ್ದು ಪದರ ಪದರವಾದ ಮೆತ್ತನೆಯ ಜೇಡಿಗಲ್ಲು. ಮುನ್ಸೂಚನೆ ಸಿಕ್ಕಿ ವಾಹನಗಳನ್ನು ಮೊದಲೇ ತಡೆದಿದ್ದರಿಂದ ಯಾರ ಜೀವವೂ ಹೋಗಲಿಲ್ಲ.

ಗುದ್ದಲಿ ಹಿಡಿದವರು

ಏಳು ರೆಜಿಮೆಂಟುಗಳಲ್ಲಿ ಮೂರು, ಅಂದರೆ 93, 95 ಮತ್ತು 97, ಕಪ್ಪು ಸೈನಿಕರವು. ಒಟ್ಟು ಸೈನಿಕರಲ್ಲಿ ಸುಮಾರು ಮೂರನೇ ಒಂದು ಪಾಲು ಅವರೇ. ಅಮೆರಿಕದ ಸೈನ್ಯದಲ್ಲಿ ಆಗ ಕಪ್ಪು ಮತ್ತು ಬಿಳಿ ಸೈನಿಕರಿಗೆ ಬೇರೆ ಬೇರೆ ಪಡೆ, ಬೇರೆ ಬೇರೆ ಡೇರೆ. ಕಪ್ಪು ರೆಜಿಮೆಂಟುಗಳಿಗೂ ಅಧಿಕಾರಿಗಳು ಬಿಳಿಯರೇ. ಈ ಸೈನಿಕರಲ್ಲಿ ಬಹಳಷ್ಟು ಜನ ಅಮೆರಿಕದ ದಕ್ಷಿಣ ರಾಜ್ಯಗಳವರು. ಹಿಮ ನೋಡದೇ ಬೆಳೆದವರು, ಮೊದಲ ಚಳಿಗಾಲವನ್ನು ಬಟ್ಟೆಯ ಡೇರೆಯಲ್ಲಿ ಕಳೆದರು.

ಅಲಾಸ್ಕಾದ ರಕ್ಷಣೆಯ ಹೊಣೆ ಹೊತ್ತಿದ್ದ ಜನರಲ್ ಸೈಮನ್ ಬಕ್ನರ್‌ಗೆ ಇವರು ಬರುವುದೇ ಬೇಡವಾಗಿತ್ತು. ಯುದ್ಧ ಮುಗಿದ ಮೇಲೆ ಇವರು ಅಲ್ಲೇ ನೆಲೆಸಿ, ಸ್ಥಳೀಯರ ಜೊತೆ ಬೆರೆತುಬಿಟ್ಟರೆ ಎಂಬುದು ಅವರ ಚಿಂತೆ. ಅದನ್ನು ಪತ್ರದಲ್ಲೇ ಬರೆದರು. ಹಾಗಾಗಿ ಕಪ್ಪು ಸೈನಿಕರನ್ನು ಊರುಗಳಿಂದ ದೂರ, ಕಾಡಿನಲ್ಲೇ ಇಟ್ಟರು.

95ನೇ ರೆಜಿಮೆಂಟಿಗೆ ಆದದ್ದಂತೂ ಓದಿದರೆ ಹೊಟ್ಟೆ ಉರಿಯುತ್ತದೆ. ಅವರಿಗೆ ಭಾರೀ ಯಂತ್ರ ನಡೆಸಿ ಗೊತ್ತಿತ್ತು. ಆದರೆ ಅವರ ಯಂತ್ರಗಳನ್ನು ಬಿಳಿಯರ 341ನೇ ರೆಜಿಮೆಂಟಿಗೆ ಕೊಟ್ಟು, ಇವರ ಕೈಗೆ ಗುದ್ದಲಿ, ಸಲಿಕೆ, ಕೊಡಲಿ, ಗರಗಸ ಕೊಟ್ಟರು. ಆ ಸಲಕರಣೆಯಲ್ಲೇ ಅವರು ಸಿಕಾನಿ ಚೀಫ್ ನದಿಗೆ ಸೇತುವೆ ಕಟ್ಟಿದರು. ನೀರು ಮೂಳೆ ಕೊರೆಯುವಷ್ಟು ತಣ್ಣಗೆ, ಹರಿವು ಜೋರು. ಸೈನಿಕರು ಎದೆಮಟ್ಟ ನೀರಿಗಿಳಿದು ಕಂಬ ನಿಲ್ಲಿಸಿದರು, ಕತ್ತಲಾದಾಗ ಲಾರಿಗಳ ದೀಪ ಹಾಕಿಕೊಂಡು ಮುಂದುವರಿಸಿದರು. ನಾಲ್ಕು ದಿನದೊಳಗೆ ಸೇತುವೆ ನಿಂತಿತು. ಬೇಗ ಮುಗಿಸುತ್ತೇವೆ ಎಂದು ಅವರು ಸಂಬಳವನ್ನೇ ಪಣಕ್ಕಿಟ್ಟಿದ್ದರು ಎಂಬುದು ಈಗಲೂ ಜನ ಹೇಳುವ ಕಥೆ.

1942ರ ಅಕ್ಟೋಬರ್ 25ರಂದು ಅಲಾಸ್ಕಾ ಗಡಿಗೆ ಹತ್ತಿರದ ಬೀವರ್ ಕ್ರೀಕ್ ಬಳಿ ದಾರಿಯ ಕೊನೆಯ ತುಂಡು ಕೂಡಿತು. ಅಲಾಸ್ಕಾ ಕಡೆಯಿಂದ 97ನೇ ರೆಜಿಮೆಂಟಿನ ಕಾರ್ಪೊರಲ್ ರಿಫೈನ್ಸ್ ಸಿಮ್ಸ್ ಬುಲ್ಡೋಜರ್ ನಡೆಸುತ್ತ ಬಂದರು, ಎದುರಿನಿಂದ 18ನೇ ರೆಜಿಮೆಂಟಿನ ಆಲ್ಫ್ರೆಡ್ ಜಲುಫ್ಕಾ ಬಂದರು. ಒಬ್ಬರು ಫಿಲಡೆಲ್ಫಿಯಾದ ಕಪ್ಪು ಸೈನಿಕ, ಇನ್ನೊಬ್ಬರು ಟೆಕ್ಸಾಸ್‌ನ ಬಿಳಿಯ ಸೈನಿಕ. ಯಂತ್ರಗಳ ಮೇಲಿನಿಂದಲೇ ಬಾಗಿ ಇಬ್ಬರೂ ಕೈಕುಲುಕುವ ಚಿತ್ರ ಆಗಿನ ಪತ್ರಿಕೆಗಳಲ್ಲಿ ಬಂತು. ನವೆಂಬರ್ 20ರಂದು ಕ್ಲುವಾನಿ ಸರೋವರದ ಮೇಲಿನ ದಿಬ್ಬದಲ್ಲಿ, ಕೊರೆಯುವ ಚಳಿಯಲ್ಲಿ ರಿಬ್ಬನ್ ಕತ್ತರಿಸಿದರು.

ಅಮೆರಿಕದ ಸೈನ್ಯದಲ್ಲಿ ಬಣ್ಣದ ಭೇದ ಕೊನೆಯಾಗಬೇಕೆಂದು ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದು 1948ರಲ್ಲಿ. ಅದಕ್ಕೆ ಕಾರಣ ಇದೊಂದೇ ರಸ್ತೆ ಎಂದರೆ ಅತಿಯಾಗುತ್ತದೆ. ಆದರೆ ಕಪ್ಪು ಎಂಜಿನಿಯರ್ ಪಡೆಗಳು ಅಂಥ ಜಾಗದಲ್ಲಿ ಮಾಡಿ ತೋರಿಸಿದ ಕೆಲಸವನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ನಮ್ಮ ದೇಶದಲ್ಲೂ ಅವರ ಕೆಲಸದ ಗುರುತಿದೆ. ಅದೇ 1942ರ ಡಿಸೆಂಬರ್‌ನಲ್ಲಿ ಅಸ್ಸಾಮಿನ ಲೇಡೋದಿಂದ ಬರ್ಮಾ ಕಾಡಿನ ಮೂಲಕ ಚೀನಾದ ಕಡೆಗೆ ಅಮೆರಿಕನ್ನರು ಇನ್ನೊಂದು ಯುದ್ಧದ ರಸ್ತೆ ಹಿಡಿದರು. ಅಲ್ಲಿ ಮಂಜಿನ ಬದಲು ಮಳೆ ಮತ್ತು ಮಲೇರಿಯಾ. ಅದನ್ನು ಕಟ್ಟಿದ ಅಮೆರಿಕದ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಸೈನಿಕರೇ. ಅವರ ಜೊತೆಗೆ ಸಾವಿರಾರು ಭಾರತೀಯ ಕೂಲಿಗಳೂ ದುಡಿದರು.

ಅಲಾಸ್ಕಾದಲ್ಲಿ ಈ ಸೈನಿಕರ ಹೆಸರು ನೆನಪಿಗೆ ಬರಲು ಐವತ್ತು ವರ್ಷ ಬೇಕಾಯಿತು. 1993ರಲ್ಲಿ ಹೆದ್ದಾರಿಯ ಗರ್ಸ್ಟಲ್ ನದಿಯ ಸೇತುವೆಗೆ ಕಪ್ಪು ಸೈನಿಕರ ಸ್ಮಾರಕ ಎಂಬ ಹೆಸರಿಟ್ಟರು. 2017ರಲ್ಲಿ ಅಲಾಸ್ಕಾದ ಶಾಸನಸಭೆ ಅಕ್ಟೋಬರ್ 25ನ್ನು ಅವರ ನೆನಪಿನ ದಿನವಾಗಿ ಗುರುತಿಸಿತು.

ಆ ಕಾಡು ಖಾಲಿ ಇರಲಿಲ್ಲ

ಯಾರೂ ಇಲ್ಲದ ಕಾಡಿನಲ್ಲಿ ಸಾಗಿದ ರಸ್ತೆ ಎಂದು ಬರೆಯುವವರು ಒಂದು ಸಂಗತಿ ಮರೆಯುತ್ತಾರೆ. ಅಲ್ಲಿ ಡೇನ್-ಝಾ, ಕಾಸ್ಕಾ, ಟ್ಲಿಂಗಿಟ್, ಟಾಗಿಶ್, ದಕ್ಷಿಣ ಟಚೋನಿ, ಮೇಲಿನ ತನಾನಾ ಜನ ತಲೆತಲಾಂತರದಿಂದ ಬದುಕಿದ್ದರು. ಬೇಟೆ, ಮೀನು, ತುಪ್ಪುಳದ ವ್ಯಾಪಾರ ಅವರ ಜೀವನ. ಸರ್ವೆಯವರಿಗೆ ಕಣಿವೆ ಯಾವುದು, ಕಣಿವೆಯ ಆಚೆ ದಾರಿ ಯಾವುದು ಎಂದು ತೋರಿಸಿದವರು ಇವರೇ. ಹಲವು ಕಡೆ ಹೆದ್ದಾರಿ ಹೋದದ್ದು ಅವರ ಹಳೆಯ ಕಾಲುದಾರಿಯ ಮೇಲೇ.

ಅವರಿಗೆ ಮೊದಲು ಬಂದದ್ದು ಕಾಯಿಲೆ. ಸೈನ್ಯದ ಜೊತೆಗೆ ದಡಾರ, ಫ್ಲೂ, ಕಾಮಾಲೆ, ಆಮಶಂಕೆ, ನಾಯಿಕೆಮ್ಮು ಬಂದವು. ಟೆಸ್ಲಿನ್ ಎಂಬ ಪುಟ್ಟ ಹಳ್ಳಿಯಲ್ಲಿ 1942–43ರ ಚಳಿಗಾಲದಲ್ಲಿ ಒಂದರ ಹಿಂದೆ ಒಂದು ಸಾಂಕ್ರಾಮಿಕ ಹಬ್ಬಿತು. ದಡಾರ ಬಾರದ ಮನೆ ಉಳಿಯಲಿಲ್ಲ. ಮಕ್ಕಳು, ಮುದುಕರು ಸತ್ತರು. ಆ ಜನರ ಚರಿತ್ರೆ, ಜಾಡು, ಹಾಡು ಎಲ್ಲವೂ ಹಿರಿಯರ ನೆನಪಿನಲ್ಲೇ ಇದ್ದವು. ಒಬ್ಬ ಹಿರಿಯ ಹೋದರೆ ಅಷ್ಟೂ ಹೋದಂತೆ.

ಎರಡನೆಯ ಪೆಟ್ಟು ಬೇಟೆಗೆ. ಬಂದೂಕು ಹಿಡಿದ ಹೊರಗಿನವರು ರಸ್ತೆಯುದ್ದಕ್ಕೂ ಮನಬಂದಂತೆ ಪ್ರಾಣಿಗಳನ್ನು ಕೊಂದರು. ಕಾಡು ಖಾಲಿಯಾಗುತ್ತದೆ ಎಂದು ಹೆದರಿ ಸರ್ಕಾರ 1943ರಲ್ಲಿ ಕ್ಲುವಾನಿ ಪ್ರದೇಶದಲ್ಲಿ ಅಭಯಾರಣ್ಯ ಮಾಡಿ ಬೇಟೆ ನಿಷೇಧಿಸಿತು. ತಪ್ಪು ಮಾಡಿದವರು ಯುದ್ಧ ಮುಗಿದ ಮೇಲೆ ಊರಿಗೆ ಹೋದರು. ಶಿಕ್ಷೆ ಬಿದ್ದದ್ದು ಅಲ್ಲೇ ಹುಟ್ಟಿ ಬೆಳೆದ ದಕ್ಷಿಣ ಟಚೋನಿ ಜನರಿಗೆ. ತಾತ ಮುತ್ತಾತರ ಕಾಡಿನಲ್ಲಿ ಊಟಕ್ಕಾಗಿ ಬೇಟೆಯಾಡಿದರೂ ಅವರು ಅಪರಾಧಿಗಳಾದರು. ದಶಕಗಳ ಕಾಲ ಹೀಗೇ ನಡೆಯಿತು. 1993ರಲ್ಲಿ ಸಹಿಯಾದ ಒಪ್ಪಂದಗಳ ನಂತರವೇ ಯುಕಾನಿನ ಮೂಲನಿವಾಸಿ ಸಮುದಾಯಗಳಿಗೆ ತಮ್ಮ ನೆಲದ ಮೇಲೆ, ಅದರ ಆಡಳಿತದಲ್ಲಿ ಹಕ್ಕು ಮರಳಿ ಸಿಗತೊಡಗಿತು.

ರಸ್ತೆಯ ಜೊತೆ ಸರ್ಕಾರವೂ ಒಳಗೆ ಬಂತು. ಚದುರಿ ಬದುಕುತ್ತಿದ್ದವರನ್ನು ರಸ್ತೆಬದಿಯ ಊರುಗಳಿಗೆ ತಂದು ಕೂರಿಸಿತು. 1951ರಲ್ಲಿ ವಾಟ್ಸನ್ ಲೇಕ್ ಹತ್ತಿರದ ಲೋವರ್ ಪೋಸ್ಟ್‌ನಲ್ಲಿ, ಇದೇ ಹೆದ್ದಾರಿಯ ಪಕ್ಕ, ವಸತಿ ಶಾಲೆ ಎದ್ದಿತು. ಮಕ್ಕಳನ್ನು ಮನೆಯಿಂದ, ಮಾತಿನಿಂದ ಬೇರ್ಪಡಿಸಿದ ಶಾಲೆಗಳಲ್ಲಿ ಅದೂ ಒಂದು. ಅಲ್ಲಿ ಕಷ್ಟ ಅನುಭವಿಸಿದವರ ಒತ್ತಾಯದಿಂದ ಆ ಕಟ್ಟಡವನ್ನು 2021ರಲ್ಲಿ ಕೆಡವಿದರು. ಹೆದ್ದಾರಿಯಿಂದ ಕೂಲಿ, ಆಸ್ಪತ್ರೆ, ಅಂಗಡಿ ಹತ್ತಿರವಾದದ್ದೂ ನಿಜವೇ. ಯುಕಾನಿನ ರಾಜಧಾನಿ 1953ರಲ್ಲಿ ಡಾಸನ್ ಸಿಟಿಯಿಂದ ಹೆದ್ದಾರಿ ಮೇಲಿನ ವೈಟ್‌ಹಾರ್ಸ್‌ಗೆ ಬಂತು. ಯುಕಾನ್ ನದಿಯಲ್ಲಿ ಓಡಾಡುತ್ತಿದ್ದ ಉಗಿದೋಣಿಗಳು ಅದೇ ದಶಕದಲ್ಲಿ ನಿಂತವು. ನದಿಯ ದಡದ ಊರುಗಳು ಬಿಕೋ ಎಂದವು, ರಸ್ತೆಯ ಬದಿಯವು ಬೆಳೆದವು.

ಆಮೇಲೆ

ಒಪ್ಪಂದದಂತೆ 1946ರ ಏಪ್ರಿಲ್ 1ರಂದು ಕೆನಡಾದ ಭಾಗ ಕೆನಡಾದ ಸೈನ್ಯದ ಕೈಗೆ ಬಂತು. 1948ರಲ್ಲಿ ಜನಸಾಮಾನ್ಯರಿಗೆ ತೆರೆಯಿತು. ವಾಟ್ಸನ್ ಲೇಕ್‌ನಲ್ಲಿ 1942ರಲ್ಲಿ ಮನೆಯ ನೆನಪು ಕಾಡಿದ ಒಬ್ಬ ಸೈನಿಕ ತನ್ನ ಊರಿನ ದೂರ ಬರೆದ ಹಲಗೆ ನೆಟ್ಟಿದ್ದ. ಪ್ರವಾಸಿಗರು ಅದರ ಪಕ್ಕ ತಮ್ಮ ಊರಿನ ಹಲಗೆ ಹೊಡೆಯುತ್ತ ಬಂದು ಈಗ ಅಲ್ಲಿ ಹತ್ತಾರು ಸಾವಿರ ಫಲಕಗಳಿವೆ. ತಿರುವುಗಳನ್ನು ನೇರ ಮಾಡಿ ಮಾಡಿ ಹೆದ್ದಾರಿ ಕುಗ್ಗುತ್ತಲೇ ಬಂದಿದೆ. ಈಗಿನ ಉದ್ದ ಸುಮಾರು 2,232 ಕಿ.ಮೀ. ಹಾಗಾಗಿ ಹಳೆಯ ಮೈಲಿಗಲ್ಲಿನ ಸಂಖ್ಯೆಗೂ ನಿಜವಾದ ದೂರಕ್ಕೂ ತಾಳೆಯಾಗುವುದಿಲ್ಲ. ಆದರೂ ರಸ್ತೆಬದಿಯ ಹೋಟೆಲು, ಪೆಟ್ರೋಲ್ ಬಂಕುಗಳು ಹಳೆಯ ಮೈಲಿ ಸಂಖ್ಯೆಯನ್ನೇ ವಿಳಾಸವಾಗಿ ಉಳಿಸಿಕೊಂಡಿವೆ.

ಡಾಂಬರು ಬಂದ ಮೇಲೆ ನೆಲದ ತೊಂದರೆ ಇನ್ನೊಂದು ರೂಪ ತಾಳಿತು. ಕಪ್ಪು ರಸ್ತೆ ಬಿಸಿಲನ್ನು ಹೀರುತ್ತದೆ. ಬದಿಯ ಇಳಿಜಾರಿನಲ್ಲಿ ಗುಡ್ಡೆಯಾಗುವ ಹಿಮ, ಕಂಬಳಿ ಹಾಗೆ ಕೂತು, ಚಳಿಗಾಲದ ತಂಪು ನೆಲಕ್ಕಿಳಿಯದಂತೆ ತಡೆಯುತ್ತದೆ. ಎರಡೂ ಸೇರಿ ಏರಿಯ ಕೆಳಗಿನ ಮಂಜು ಕರಗುತ್ತದೆ. ಈಗ ಹವಾಮಾನವೂ ಬಿಸಿಯಾಗುತ್ತಿದೆ. ಕ್ಲುವಾನಿ ದಾಟಿ ಬೀವರ್ ಕ್ರೀಕ್ ಕಡೆಗೆ ಹೋಗುವಾಗ ರಸ್ತೆ ಅಲೆಯಲೆಯಾಗುತ್ತದೆ, ಉದ್ದಕ್ಕೆ ಬಿರುಕು ಬಿಡುತ್ತದೆ, ಒಂದು ಬದಿ ಕುಸಿಯುತ್ತದೆ. ಪ್ರತಿ ಬೇಸಗೆ ಜಲ್ಲಿ ತುಂಬಿ ಸರಿಮಾಡುವುದು, ಮುಂದಿನ ವರ್ಷ ಮತ್ತೆ ಅದೇ.

ಹಾಗಾಗಿ 2008ರಲ್ಲಿ ಬೀವರ್ ಕ್ರೀಕ್ ಬಳಿ ಹೆದ್ದಾರಿಯ ಒಂದು ತುಂಡನ್ನೇ ಪ್ರಯೋಗಶಾಲೆ ಮಾಡಿದರು. ಒಂದು ಕಡೆ ಏರಿಯ ಬದಿಗೆ ದಪ್ಪ ಬಂಡೆಗಳನ್ನು ಸಡಿಲವಾಗಿ ಪೇರಿಸಿದರು. ಚಳಿಗಾಲದ ಭಾರವಾದ ತಣ್ಣನೆಯ ಗಾಳಿ ಆ ಸಂದಿಗಳಲ್ಲಿ ಇಳಿದು ಒಳಗಿನ ಬೆಚ್ಚಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ. ಇನ್ನೊಂದು ಕಡೆ ಹಿಮ ಇಳಿಜಾರಿನ ಮೇಲೆ ಕೂರದಂತೆ ಮರದ ಮಾಡು ಹಾಕಿದರು. ಮತ್ತೊಂದು ಕಡೆ ಬಿಸಿಲು ಹೀರದಂತೆ ರಸ್ತೆಯ ಮೇಲ್ಮೈಯನ್ನೇ ತಿಳಿಬಣ್ಣಕ್ಕೆ ತಂದರು. ನೆಲದೊಳಗೆ ತಂತಿಗಳನ್ನಿಳಿಸಿ ವರ್ಷಗಟ್ಟಲೆ ಉಷ್ಣಾಂಶ ಅಳೆದರು. ಬಂಡೆ ಮತ್ತು ಮಾಡಿನಂಥ ಕೆಲವು ಉಪಾಯಗಳು ನೆಲವನ್ನು ತಂಪಾಗಿಟ್ಟವು. ಆದರೆ ದುಡ್ಡು ಜಾಸ್ತಿ ಬೇಕು, ನೂರಾರು ಕಿಲೋಮೀಟರ್ ಉದ್ದಕ್ಕೆ ಹಾಗೆ ಮಾಡುವುದು ಆಗದ ಮಾತು. ಎಲ್ಲಿ ಮಂಜು ಅತಿ ಹೆಚ್ಚೋ ಅಲ್ಲಿಗೆ ಮಾತ್ರ ಇಂಥ ಉಪಾಯ ಬಳಸಬೇಕು, ಉಳಿದ ಕಡೆ ಜಲ್ಲಿ ಲಾರಿಗಳು ಪ್ರತಿ ಬೇಸಗೆಯೂ ಓಡುತ್ತಿರಬೇಕು.